ಸಿಂಗಾಪುರ ನೋಡಿ ಬಂದ ಅಮ್ಮ, ಡೊಂಬಿವಲಿ ನೋಡಿ ಬಂದ ಮಾವ: ನಮ್ಮ ಬೀದಿಗೆ ಅಪಾರ್ಟ್‌ಮೆಂಟ್ ಬೇಕೋ ಬೇಡವೋ?

ಸರಸ್ವತಿಪುರಂ_ಮಗ:

ಮೊನ್ನೆ ಭಾನುವಾರ ಇಲ್ಲಿ ಮೈಸೂರಿನಲ್ಲಿ ನಮ್ಮ ಬೀದಿಯವರ ಮೀಟಿಂಗ್ ಇತ್ತು, ಪಾರ್ಕಿನ ಕಲ್ಲುಬೆಂಚಿನ ಹತ್ತಿರ. ವಿಷಯ ನಮ್ಮ ಎದುರುಮನೆ. 60-80 ಸೈಟು, ಮುಂದೆ ಸಂಪಿಗೆ ಮರ, ಹಿಂದೆ ಎರಡು ತೆಂಗು, ನಡುವೆ ಹಳೇ ಕಾಲದ ಮನೆ. ಯಜಮಾನರು ಹೋದ ಮೇಲೆ ಮಕ್ಕಳು ಅದನ್ನು ಬಿಲ್ಡರ್‌ಗೆ ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟಿದ್ದಾರೆ, ಅಂದರೆ ಜಾಗ ಇವರದು, ಕಟ್ಟೋದು ಅವರು, ಫ್ಲಾಟು ಹಂಚಿಕೆ. ಸ್ಟಿಲ್ಟ್ (ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್) ಮೇಲೆ 4 ಫ್ಲೋರು, 12 ಫ್ಲಾಟು ಅಂತ ಸುದ್ದಿ. ಬೀದಿ ಪೂರ್ತಿ ಎರಡು ಹೋಳಾಗಿದೆ.

ನನಗೆ ತಮಾಷೆ ಅನ್ನಿಸಿದ್ದು ಬೇರೆ. ಮಾತಾಡಿದವರೆಲ್ಲ ಶುರು ಮಾಡಿದ್ದು ಒಂದೇ ಥರ: "ನಾನು ಅಲ್ಲಿಗೆ ಹೋಗಿದ್ದಾಗ..." ನಮ್ಮ ಬೀದಿಯ ಯುಜಿಡಿ (ಒಳಚರಂಡಿ) ಪೈಪು ಎಷ್ಟು ಇಂಚಿನದು, ನಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಅಂತ ಒಬ್ಬರೂ ಕೇಳಲಿಲ್ಲ.

ನಮ್ಮ ಅಮ್ಮ ತಂಗಿಯ ಬಾಣಂತನಕ್ಕೆ ಸಿಂಗಾಪುರಕ್ಕೆ ಹೋಗಿ ಮೂರು ತಿಂಗಳು ಇದ್ದು ಬಂದರು. ಮೊದಲು ಅಪಾರ್ಟ್‌ಮೆಂಟ್ ಅಂದರೆ "ಪಾರಿವಾಳದ ಗೂಡು" ಅನ್ನುತ್ತಿದ್ದವರು. ತಂಗಿ ಇರೋದು 14ನೇ ಫ್ಲೋರಿನಲ್ಲಿ. ಈಗ ಅಮ್ಮ ಹೇಳುತ್ತಾರೆ, "ಅಲ್ಲಿ ಕೆಳಗಿಳಿದರೆ ತರಕಾರಿ, ಡಾಕ್ಟರು, ಬಸ್ಸು. ಇಲ್ಲಿ ಕೊತ್ತಂಬರಿ ಸೊಪ್ಪಿಗೂ ನಿನ್ನ ಸ್ಕೂಟರ್ ಕಾಯಬೇಕು." ನಮ್ಮ ಸೋದರಮಾವ ಮುಂಬೈ ಹತ್ತಿರದ ಡೊಂಬಿವಲಿಗೆ ಮದುವೆಗೆ ಅಂತ ನಾಲ್ಕು ದಿನ ಹೋಗಿ ಬಂದವರು. ಅವರದು ಖಡಾಖಂಡಿತ: "ಮೈಸೂರನ್ನು ಮುಂಬೈ ಮಾಡಬೇಡಿ." ಇನ್ನೊಬ್ಬರು ಬ್ಯಾಂಕಿನಿಂದ ರಿಟೈರ್ ಆದವರು, 12 ದಿನದ ಯುರೋಪ್ ಟೂರ್ ಮುಗಿಸಿ ಬಂದಿದ್ದಾರೆ. "ಪ್ಯಾರಿಸ್ ನೋಡಿ ಸ್ವಾಮಿ, ಎತ್ತರದ ಕಟ್ಟಡವೇ ಕಾಣಲ್ಲ, ಊರು ಅಂದರೆ ಹಾಗಿರಬೇಕು" ಅಂದರು. ಎಲ್ಲರೂ ಹೌದು ಹೌದು ಅಂದರು. ಮುಂದಿನ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ಲುವ ಆಸೆ ಇರುವ ಒಬ್ಬರು ಕಾಫಿ ಕುಡಿಯುತ್ತಾ ಮೂವರ ಮಾತಿಗೂ ತಲೆಯಾಡಿಸಿದರು.

ನನ್ನ ಪ್ರಶ್ನೆ ಇಷ್ಟೇ. ದೊಡ್ಡ ಊರು ನೋಡಿ ಬಂದರೆ ನಿಜವಾಗಿ ಜನರ ಮನಸ್ಸು ಬದಲಾಗುತ್ತಾ? ಅಥವಾ ಮನೆಯಿಂದ ಹೊರಡುವಾಗ ಏನು ಅಂದುಕೊಂಡಿದ್ದರೋ ಅದನ್ನೇ ಹುಡುಕಿಕೊಂಡು ವಾಪಸ್ ಬರುತ್ತಾರಾ? ಓಟು ಹಾಕುವಾಗ ಇದೆಲ್ಲ ಲೆಕ್ಕಕ್ಕೆ ಬರುತ್ತಾ?

ಕಾಪು_ಟು_ಡೊಂಬಿವಲಿ:

ನಿಮ್ಮ ಮಾವ ಬಂದದ್ದು ನಮ್ಮ ಊರಿಗೆ ಮಾರಾಯ್ರೆ, ಹಾಗಾಗಿ ಮೊದಲು ನಾನೇ ಬರೆಯುತ್ತೇನೆ. 22 ವರ್ಷದಿಂದ ಇಲ್ಲಿದ್ದೇನೆ.

ಮದುವೆಗೆ ಬಂದವರು ಮುಂಬೈಯಲ್ಲಿ ನೋಡುವುದು ಎರಡೇ. ಒಂದು ಸಂಜೆ ಏಳು ಗಂಟೆಗೆ ದಾದರ್‌ನಲ್ಲಿ ಲೋಕಲ್ ಹತ್ತುವುದು. ಇನ್ನೊಂದು ನೆಂಟರ ಒನ್ ಬಿಎಚ್‌ಕೆಯಲ್ಲಿ ಹನ್ನೊಂದು ಜನ ಮಲಗುವುದು. ಕಳೆದ ವರ್ಷ ನಮ್ಮ ಮನೆಯಲ್ಲೂ ಹಾಗೇ ಆಯಿತು. ಸೋಫಾ ಎತ್ತಿ ಪ್ಯಾಸೇಜಿನಲ್ಲಿ ಇಟ್ಟೆವು, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ನಮ್ಮ ಭಾವ ಮಲಗಿದರು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಬೇಕಾದರೆ ನಾಲ್ಕು ಜನರ ಕಾಲು ದಾಟಬೇಕು. ಇದನ್ನು ನೋಡಿ ಊರಿಗೆ ಹೋದವರು "ಬಿಲ್ಡಿಂಗ್ ಜಾಸ್ತಿ ಆದರೆ ಹೀಗೆ ಆಗುತ್ತದೆ" ಅನ್ನುತ್ತಾರೆ.

ನಿಜ ಉಲ್ಟಾ. ಇಲ್ಲಿ ಜನಕ್ಕೆ ತಕ್ಕಷ್ಟು ಮನೆ ಕಟ್ಟಲು ಬಿಡಲಿಲ್ಲ. 1991ರ ರೂಲ್ಸ್ ಪ್ರಕಾರ ದಕ್ಷಿಣದ ದ್ವೀಪದ ಭಾಗಕ್ಕೆ ಎಫ್‌ಎಸ್‌ಐ 1.33, ಸಬರ್ಬ್‌ಗಳಿಗೆ 1. ಅಂದರೆ ನೂರು ಅಡಿ ಜಾಗದಲ್ಲಿ ಎಲ್ಲಾ ಫ್ಲೋರು ಸೇರಿ 133 ಅಡಿ ಕಟ್ಟಬಹುದು, ಅಷ್ಟೇ. ಜನ ಬರೋದು ನಿಂತಿತಾ? ಇಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಸಿಗುವ ಜಾಗ ಕಮ್ಮಿ ಆಯಿತು, ಬಾಡಿಗೆ ಮೇಲೆ ಹೋಯಿತು, ನಮ್ಮಂಥವರು ಡೊಂಬಿವಲಿಗೆ ಬಂದು ಲೋಕಲ್‌ನಲ್ಲಿ ನೇತಾಡಿದೆವು. ಆಮೇಲೆ ರೂಲ್ಸ್ ಸಡಿಲ ಮಾಡಿದರು, ಟವರ್ ಎದ್ದವು, ಅದು ಬೇರೆ ಕಥೆ.

ಆದರೆ ಒಂದು ವಿಚಿತ್ರ ಕೇಳಿ. ನನ್ನ ಅಪ್ಪ 1990ರ ದಶಕದಲ್ಲಿ ಇಲ್ಲಿಗೆ ಬಂದವರು ಮೂರೇ ದಿನಕ್ಕೆ ವಾಪಸ್ ಹೋಗಿದ್ದರು, "ಇದು ಮನುಷ್ಯರು ಇರುವ ಜಾಗವಾ" ಅಂತ ಬೈದು. ಅದೇ ಅಪ್ಪ ವಯಸ್ಸಾದ ಮೇಲೆ ಮಂಗಳೂರಿನಲ್ಲಿ ಕದ್ರಿ ಕಡೆ ಆರನೇ ಮಾಳಿಗೆಯಲ್ಲಿ ಫ್ಲಾಟ್ ತಗೊಂಡರು. ಲಿಫ್ಟ್ ಉಂಟು, ವಾಚ್‌ಮನ್ ಉಂಟು, ತೋಟದ ಮನೆಯಲ್ಲಿ ಹಾಗೆ ಇಬ್ಬರೇ ಇರಲು ಹೆದರಿಕೆ. ಮಂಗಳೂರಿನ ಗುಡ್ಡೆಗಳ ಮೇಲೆ ಅಷ್ಟು ಅಪಾರ್ಟ್‌ಮೆಂಟ್ ಎದ್ದದ್ದು ಮುಂಬೈ ಮತ್ತು ಗಲ್ಫ್ ನೋಡಿದವರ ದುಡ್ಡಿನಿಂದಲೇ. ಮುಂಬೈಗೆ ಬೈದವರೇ ಫ್ಲಾಟಿನ ರುಚಿಯನ್ನೂ ಅಲ್ಲಿಂದಲೇ ತಂದರು. ನಿಮ್ಮ ಮಾವನಿಗೂ ಇನ್ನು ಹತ್ತು ವರ್ಷ ಕೊಡಿ.

ಸೆಟ್‌ಬ್ಯಾಕ್_ಸ್ವಾಮಿ:

ನಾನು ಬೆಂಗಳೂರಿನಲ್ಲಿ ಪ್ಲಾನ್ ಹಾಕುವವನು. ದಿನಾ ಇದೇ ಜಗಳ.

ಮೊದಲು ಪ್ಯಾರಿಸ್ ಸಾರ್‌ಗೆ ಇದನ್ನು ಓದಿ ಹೇಳಿ. ಪ್ಯಾರಿಸ್ ನಗರದ ವಿಸ್ತೀರ್ಣ ಸುಮಾರು 105 ಚದರ ಕಿಲೋಮೀಟರ್, ಜನ ಸುಮಾರು 21 ಲಕ್ಷ. ಚದರ ಕಿಲೋಮೀಟರ್‌ಗೆ 20,000 ಜನ. ಅಷ್ಟು ಒತ್ತೊತ್ತಾಗಿ ಇರುವ ಊರನ್ನು ನೋಡಿ ಬಂದು "ಎಷ್ಟು ಆರಾಮ" ಅಂತ ಹೇಳುತ್ತಿದ್ದಾರೆ! ಅಲ್ಲಿ ಮನೆ ಮನೆಗೆ ಸಂದು ಇಲ್ಲ, ಗೋಡೆಗೆ ಗೋಡೆ ಅಂಟಿಸಿ 6-7 ಫ್ಲೋರು ಕಟ್ಟಿದ್ದಾರೆ. 1973ರಲ್ಲಿ ಮೊಂಪರ್ನಾಸ್ ಅಂತ ಒಂದು 210 ಮೀಟರ್ ಟವರ್ ಎದ್ದಿತು, ಜನ ಉಗಿದರು, ಎತ್ತರಕ್ಕೆ ಮಿತಿ ಹಾಕಿದರು, ನಡುವೆ ಸ್ವಲ್ಪ ಸಡಿಲಿಸಿ 2023ರಲ್ಲಿ ಮತ್ತೆ 37 ಮೀಟರ್ ಮಿತಿ ತಂದರು. ನಿಮ್ಮ ಎದುರುಮನೆಯ ಸ್ಟಿಲ್ಟ್ ಪ್ಲಸ್ ನಾಲ್ಕು ಹೆಚ್ಚೆಂದರೆ 15 ಮೀಟರ್ ಬರಬಹುದು. ಸಾರ್ ಅಲ್ಲಿ ನೋಡಿದ್ದು ಅಗಲವಾದ ಫುಟ್‌ಪಾತು, ಮರ, ಕಾಫಿ ಅಂಗಡಿ. ಆ ಕಿಟಕಿಗಳ ಹಿಂದೆ ಎಷ್ಟು ಜನ ಇದ್ದಾರೆ ಅಂತ ಟೂರಿಸ್ಟ್ ಬಸ್ಸಿನಿಂದ ಯಾರು ಎಣಿಸುತ್ತಾರೆ?

ಸಿಂಗಾಪುರದ್ದು ಇನ್ನೂ ಮಜಾ. ಆ ದೇಶ ಸುಮಾರು 735 ಚದರ ಕಿಲೋಮೀಟರ್, ಜನ 60 ಲಕ್ಷ. ನಮ್ಮ ಬಿಬಿಎಂಪಿ (2025ರವರೆಗೆ ಇದ್ದ ಬೆಂಗಳೂರಿನ ಪಾಲಿಕೆ) ವ್ಯಾಪ್ತಿ 700 ಚಿಲ್ಲರೆ ಚದರ ಕಿಲೋಮೀಟರ್ ಇತ್ತು, ಜನ 2011ರ ಜನಗಣತಿಯಲ್ಲೇ 84 ಲಕ್ಷ. ಅಂದರೆ ನಾವೇ ಅವರಿಗಿಂತ ಜಾಸ್ತಿ ಇಕ್ಕಟ್ಟು. ಎತ್ತರ ಅವರದು, ಒತ್ತಡ ನಮ್ಮದು. ಅಲ್ಲಿ ಹೌಸಿಂಗ್ ಬೋರ್ಡ್ 1960ರಿಂದ ಮನೆ ಕಟ್ಟುತ್ತಿದೆ, ಹತ್ತರಲ್ಲಿ ಎಂಟು ಜನ ಆ ಫ್ಲಾಟುಗಳಲ್ಲೇ ಇದ್ದಾರೆ. ಮೇಲಕ್ಕೆ ಹೋಗಿ ಕೆಳಗೆ ಜಾಗ ಉಳಿಸಿಕೊಂಡರು. ಕಾರು ಬೇಕಾದರೆ ಮೊದಲು ದುಬಾರಿ ಪರ್ಮಿಟ್ ಹರಾಜಿನಲ್ಲಿ ತಗೋಬೇಕು, ಅದು 1990ರಿಂದ ಇದೆ. ಅಮ್ಮನಿಗೆ ಇಷ್ಟವಾಗಿದ್ದು 14ನೇ ಫ್ಲೋರ್ ಅಲ್ಲ, ಕೆಳಗಿನ ನೆಲ.

ಈಗ ನಮ್ಮ ಇಕ್ಕಟ್ಟು ಹೇಗಿದೆ ಕೇಳಿ. ಹೋದ ತಿಂಗಳು ಒಂದು 20-30 ಸೈಟು ಅಳೆಯೋಕೆ ಹೋಗಿದ್ದೆ. 600 ಚದರಡಿ. ಮೇಲೆ ನಾಲ್ಕು ಫ್ಲೋರು, ಫ್ಲೋರಿಗೆ ಎರಡೆರಡು ಒನ್ ಆರ್‌ಕೆ (ಒಂದು ರೂಮು, ಒಂದು ಅಡುಗೆಮನೆ), ಟೆರೇಸಿನಲ್ಲಿ ಶೀಟ್ ಹಾಕಿ ಇನ್ನೊಂದು. ಮೆಟ್ಟಿಲ ಕೆಳಗೆ ಸಂಪಿನ ಮುಚ್ಚಳ, ಅದರ ಮೇಲೆ ಎರಡು ಬೈಕು. ನೀರು ಬಂದ ದಿನ ಬೈಕು ತೆಗೆದು ಮೋಟರ್ ಹಾಕಬೇಕು. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ, ಅಳೆಯೋಕೆ ಟೇಪ್ ಬಿಟ್ಟರೆ ಟೇಪೇ ಹೋಗಲಿಲ್ಲ. ಬಟ್ಟೆ ಒಣಗಿಸುವ ಹಗ್ಗದ ಇನ್ನೊಂದು ತುದಿ ಪಕ್ಕದ ಮನೆಯ ಗ್ರಿಲ್ಲಿಗೆ ಕಟ್ಟಿದ್ದರು. ಇದನ್ನು ಯಾರೂ "ಅಪಾರ್ಟ್‌ಮೆಂಟ್ ಹಾವಳಿ" ಅನ್ನಲ್ಲ, ಯಾಕಂದರೆ ಮೈಸೂರಿನಿಂದ ಬಂದವರಿಗೆ ಇದು ಕಾಣಲ್ಲ. ಅವರಿಗೆ ಕಾಣೋದು ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಮತ್ತು ಗಾಜಿನ ಟವರು. ಎರಡನ್ನೂ ಸೇರಿಸಿ ಒಂದು ತೀರ್ಪು ಕೊಟ್ಟು ರೈಲು ಹತ್ತುತ್ತಾರೆ.

ಇನ್ನು 12 ಫ್ಲಾಟು ಅನ್ನೋ ಸುದ್ದಿ. ನಿಮ್ಮ ರಸ್ತೆಗೆ ಎಫ್‌ಎಆರ್ (ಮುಂಬೈಯವರು ಎಫ್‌ಎಸ್‌ಐ ಅನ್ನೋದು ಇದನ್ನೇ) 2 ಅಂದುಕೊಳ್ಳಿ. 4800 ಚದರಡಿ ಸೈಟಿಗೆ 9600 ಚದರಡಿ. 12ರಿಂದ ಭಾಗಿಸಿದರೆ ಒಂದಕ್ಕೆ 800, ಅದರಲ್ಲಿ ಮೆಟ್ಟಿಲು, ಲಿಫ್ಟಿನ ಜಾಗವೂ ಹೋಗಬೇಕು. ನಿಮ್ಮ ಏರಿಯಾದಲ್ಲಿ ಅಷ್ಟು ಚಿಕ್ಕ ಫ್ಲಾಟು ಯಾವ ಬಿಲ್ಡರೂ ಕಟ್ಟಲ್ಲ. ಸ್ಯಾಂಕ್ಷನ್ ಆದ ಪ್ಲಾನ್ ಕಾಪಿ ತರಿಸಿ ನೋಡಿ, ಆಮೇಲೆ ಜಗಳ ಮಾಡಿ.

ಸುಮ್ನೆ_ಒಬ್ಬ:

ನಮ್ಮ ದೊಡ್ಡಪ್ಪ ದುಬೈಗೆ ಹೋಗಿ ಬುರ್ಜ್ ಖಲೀಫಾ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಅದನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿ, ಅದೇ ವಾರ ಪಕ್ಕದ ಮನೆಯವರು ಮೂರನೇ ಫ್ಲೋರ್ ಹಾಕಿಸುತ್ತಿದ್ದಾರೆ ಅಂತ ಕಂಪ್ಲೇಂಟ್ ಕೊಟ್ಟರು. ಈ ವಿಷಯದಲ್ಲಿ ನನ್ನ ಅಧ್ಯಯನ ಇಷ್ಟೇ.

ಅನ್ನಸಾರು_ಟೋಕಿಯೋ:

ಮೇಲಿನವರ ದೊಡ್ಡಪ್ಪನಿಗೆ ನಮಸ್ಕಾರ.

ಹೋದ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಟೋಕಿಯೋಗೆ ಬಂದು ಮೂರು ವಾರ ನನ್ನ ಜೊತೆ ಇದ್ದರು. ಮೊದಲ ಮೂರು ದಿನ ಶಿಂಜುಕು, ಶಿಬುಯಾ ಅಂತ ತಿರುಗಿಸಿದೆ. ಅಪ್ಪನಿಗೆ ತಲೆನೋವು. "ಇದೇನು ಜಾತ್ರೆ ದಿನಾ ನಡೆಯುತ್ತಾ ಇಲ್ಲಿ" ಅಂದರು. ಆಮೇಲೆ ನನಗೂ ಆಫೀಸು, ಅವರನ್ನು ಸುಮ್ನೆ ಮನೆ ಹತ್ತಿರ ಬಿಟ್ಟೆ. ನಾನಿರೋದು ಸೆತಗಾಯಾ ಕಡೆ. ಗಲ್ಲಿ ಅಂದರೆ ನಾಲ್ಕು ಮೀಟರ್ ಅಗಲ, ಕೆಲವು ಕಡೆ ಅದೂ ಇಲ್ಲ. ಎರಡು ಮೂರು ಫ್ಲೋರಿನ ಮನೆಗಳು, ಗೋಡೆಗಳ ನಡುವೆ ಒಂದು ಕೊಡೆ ಬಿಚ್ಚೋಕೂ ಜಾಗ ಇಲ್ಲ. ಬಾಗಿಲ ಮುಂದೆ ಸಾಲಾಗಿ ಹೂವಿನ ಕುಂಡ. ಎರಡನೇ ವಾರ ಅಪ್ಪ ಬೆಳಿಗ್ಗೆ ವಾಕಿಂಗ್ ಹೋಗಿ ಬಂದು ಕೇಳಿದರು: "ಅಲ್ಲ ಕಣೋ, ಇಷ್ಟು ಸಣ್ಣ ಬೀದಿ ಇಷ್ಟು ದೊಡ್ಡದಾಗಿ ಯಾಕೆ ಕಾಣ್ತದೆ?"

ನಾನೂ ಯೋಚಿಸಿರಲಿಲ್ಲ. ಬೀದಿಯಲ್ಲಿ ಒಂದೇ ಒಂದು ಕಾರು ನಿಂತಿಲ್ಲ, ಅದಕ್ಕೆ. ಜಪಾನಿನಲ್ಲಿ ಕಾರು ತಗೋಬೇಕಾದರೆ ನಿಲ್ಲಿಸೋಕೆ ಸ್ವಂತ ಜಾಗ ಇದೆ ಅಂತ ಪೊಲೀಸರಿಂದ ಸರ್ಟಿಫಿಕೇಟ್ ತರಬೇಕು. 1962ರ ಕಾನೂನು. ರಾತ್ರಿ ರಸ್ತೆಯಲ್ಲಿ ಬಿಡೋ ಹಾಗಿಲ್ಲ. ಟೋಕಿಯೋದ 23 ವಾರ್ಡುಗಳಲ್ಲಿ ಸುಮಾರು 627 ಚದರ ಕಿಲೋಮೀಟರ್‌ನಲ್ಲಿ 97 ಲಕ್ಷ ಜನ ಇದ್ದಾರೆ, ಬಹುಪಾಲು ಬೀದಿಗಳು ಇಂಥವೇ. ಟವರು ಸ್ಟೇಷನ್ ಹತ್ತಿರ, ಒಳಗೆ ಇಂಥ ಗಲ್ಲಿ.

ಈಗ ಅಪ್ಪ ಶಿವಮೊಗ್ಗದಲ್ಲಿ ಏನು ಹೇಳುತ್ತಿದ್ದಾರೆ ಗೊತ್ತಾ? "ಮನೆ ಬೇಕಾದಷ್ಟು ಕಟ್ಟಲಿ, ಕಾರು ಒಳಗೆ ನಿಲ್ಲಿಸಲಿ." ವಾಕಿಂಗ್ ಗೆಳೆಯರ ಹತ್ತಿರ ಇದನ್ನೇ ಹೇಳಿ ಹೇಳಿ ಒಬ್ಬರ ಜೊತೆ ಮಾತು ಬಿಟ್ಟಿದೆ, ಯಾಕಂದರೆ ಅವರ ಮನೆಯ ಎರಡು ಕಾರು ರಸ್ತೆಯಲ್ಲೇ ನಿಲ್ಲೋದು. ಮೂರನೇ ದಿನವೇ ವಾಪಸ್ ಕಳಿಸಿದ್ದರೆ "ಜಾತ್ರೆ" ಅಂತಲೇ ಹೇಳುತ್ತಿದ್ದರು. ಆದ್ದರಿಂದ ಯಾರಾದರೂ "ನಾನು ಅಲ್ಲಿಗೆ ಹೋಗಿದ್ದಾಗ" ಅಂತ ಶುರು ಮಾಡಿದರೆ ಎರಡು ಪ್ರಶ್ನೆ ಕೇಳಿ. ಎಲ್ಲಿ ಉಳಿದುಕೊಂಡಿದ್ದಿರಿ? ಹಾಲು ಯಾರು ತರುತ್ತಿದ್ದರು?

ನೈಟ್‌ಬಸ್_ಸುರಪುರ:

ನಿಮ್ಮೆಲ್ಲರ ಪ್ರವಾಸ ಓದಿದೆ ರೀ. ನಮ್ಮ ಕಡೆಯವರ ಪ್ರವಾಸ ಬೇರೆ ಥರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುತ್ತೀವಿ. ಅಪ್ಪ ಬಾರ್ ಬೆಂಡಿಂಗ್ (ಕಬ್ಬಿಣದ ಕಂಬಿ ಬಗ್ಗಿಸುವ) ಕೆಲಸ ಮಾಡುತ್ತಿದ್ದ. ನಾನು ಈಗ ಸೈಟ್ ಸೂಪರ್‌ವೈಸರ್. ನೀವು ಬೇಕು ಬೇಡ ಅಂತ ಜಗಳ ಆಡುವ ಟವರ್ ಕಟ್ಟುವವರು ನಾವೇ. ಕಟ್ಟುವಾಗ ಇರೋದು ಪಕ್ಕದ ತಗಡಿನ ಶೆಡ್ಡಿನಲ್ಲಿ, ಹತ್ತು ಅಡಿಗೆ ಹತ್ತು ಅಡಿ, ನಾಲ್ಕು ಜನ. ಬಿಲ್ಡಿಂಗ್ ಮುಗಿದ ಮೇಲೆ ಶೆಡ್ ಬಿಚ್ಚುತ್ತಾರೆ, ಅಲ್ಲಿ ಗಾರ್ಡನ್ ಬರುತ್ತದೆ.

ಒಮ್ಮೆ ಅವ್ವ ಬಂದಿದ್ದಳು. ರಾತ್ರಿ ಶೆಡ್ಡಿನ ಹೊರಗೆ ಕೂತು ಊಟ ಮಾಡುವಾಗ ಎದುರಿನ ಟವರ್ ತೋರಿಸಿದೆ. ಎರಡು ವರ್ಷದ ಹಿಂದೆ ಅದನ್ನೂ ನಾವೇ ಮುಗಿಸಿದ್ದು. ಅವ್ವ ಸ್ವಲ್ಪ ಹೊತ್ತು ನೋಡಿ, "ಇಷ್ಟು ಮನಿ ಕಟ್ಟೀರಿ, ಅರ್ಧದಾಗ ದೀಪನ ಇಲ್ಲಲ್ಲೋ" ಅಂದಳು. ದುಡ್ಡು ಇದ್ದವರು ತಗೊಂಡು ಬೀಗ ಹಾಕಿ ಇಟ್ಟಿದ್ದಾರೆ ಅಂದೆ. ಅವಳಿಗೆ ತಿಳಿಯಲಿಲ್ಲ. ಊರಿಗೆ ಹೋಗಿ ಬೆಂಗಳೂರಿನ ಬಗ್ಗೆ ಹೇಳಿದ್ದು ಅದೊಂದನ್ನೇ. ಟ್ರಾಫಿಕ್ ಅಲ್ಲ, ಎತ್ತರ ಅಲ್ಲ, ದೀಪ ಇಲ್ಲದ ಮನೆ.

ಇನ್ನು ಓಟಿನ ಮಾತು ಕೇಳಿದಿರಲ್ಲ. 2024ರ ಲೋಕಸಭಾ ಎಲೆಕ್ಷನ್‌ನಲ್ಲಿ ಬೆಂಗಳೂರಿಗೆ ಏಪ್ರಿಲ್ 26, ನಮ್ಮ ಕಡೆ ಮೇ 7. ನಮ್ಮ ಸೈಟ್ ಮೂರು ದಿನ ಬಂದ್ ಆಯಿತು, ಎಲ್ಲರೂ ಊರಿಗೆ ಹೋಗಿ ಓಟು ಹಾಕಿ ಬಂದರು. ಬಸ್ಸಿನಲ್ಲಿ ನಿಂತುಕೊಂಡೇ ಹೋದವರಿದ್ದರು. ಬೆಂಗಳೂರಿನ ಮೂರು ಕ್ಷೇತ್ರಗಳಲ್ಲಿ ಓಟು ಬಿದ್ದದ್ದು ನೂರಕ್ಕೆ 54ರ ಆಸುಪಾಸು. ಅಂದರೆ ಇಕ್ಕಟ್ಟಿನಲ್ಲಿ ಇರುವವರ ಓಟು ಊರಲ್ಲಿ, ಅಗಲ ಮನೆಯವರ ಓಟು ಇಲ್ಲಿ, ಅವರಲ್ಲೂ ಅರ್ಧ ಜನ ಮನೆಯಲ್ಲೇ. ಫಾರ್ಮ್ 8 ಹಾಕಿ ಓಟನ್ನು ಇಲ್ಲಿಗೆ ಬದಲಾಯಿಸಿಕೋ ಅನ್ನುತ್ತಾರೆ. ಶೆಡ್ಡಿಗೆ ಯಾವ ಅಡ್ರೆಸ್ ಬರೆಯಲಿ? ನಮ್ಮನ್ನು ಕೇಳಿದರೆ ಕಟ್ಟಲಿ, ಇನ್ನೂ ಕಟ್ಟಲಿ, ಸಣ್ಣ ಮನೆ ಕಟ್ಟಲಿ, ನಮಗೆ ಬಾಡಿಗೆಗೆ ಸಿಗುವಂಥದ್ದು ಅಂತೀವಿ. ಯಾರೂ ಕೇಳಿಲ್ಲ.

ಎರಡನೇ_ಮಹಡಿ:

ಸುರಪುರದ ಅಣ್ಣ ಹೇಳಿದ ಮೇಲೆ ನಾನು ಬರೆಯೋದು ಸಣ್ಣದು ಅನ್ನಿಸುತ್ತೆ, ಆದರೂ ಬರೀತೀನಿ. ಎಲ್ಲರೂ ಪ್ರವಾಸದ ಮೇಲೆ ಹೊರಿಸುತ್ತಿದ್ದೀರಿ. ನಾನು ಎಲ್ಲಿಗೂ ಹೋಗಿಲ್ಲ. 96 ಫ್ಲಾಟಿನ ಅಪಾರ್ಟ್‌ಮೆಂಟಿನಲ್ಲೇ ಇದ್ದೀನಿ, ಬೆಂಗಳೂರು ಪೂರ್ವದ ಕಡೆ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಟ್ಯಾಂಕರ್ ಬಂದಿದೆ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದರೆ ಆಫೀಸ್ ಕಾಲ್ ಬಿಟ್ಟು ಬಕೆಟ್ ಹಿಡಿದು ಓಡಿದ್ದೀನಿ. ನನ್ನ ಪಾಲಿಗೆ ಎಫ್‌ಎಆರ್ ಅಂದರೆ ಬಕೆಟ್. ಇನ್ನೊಂದು ಟವರ್‌ಗೆ ಪರ್ಮಿಷನ್ ಕೊಡೋ ಮುಂಚೆ ನೀರು ಎಲ್ಲಿಂದ ಅಂತ ಹೇಳಿ ಅನ್ನೋದು ತಪ್ಪಾ? ಅದನ್ನು ಕೇಳೋಕೆ ಕಾರ್ಪೊರೇಟರ್ ಕೂಡ ಇರಲಿಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು.

ಇಕ್ಕಟ್ಟಿನ ಭಯ ಹೊಸದೂ ಅಲ್ಲ. 1898ರಲ್ಲಿ ಪ್ಲೇಗ್ ಬಂದು ಪೇಟೆ ಖಾಲಿಯಾದ ಕಾಲದಲ್ಲೇ ಅಲ್ವಾ ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು. ಅಗಲ ರಸ್ತೆ, ಮನೆ ಸುತ್ತ ಗಾಳಿ ಬೆಳಕು, ಹಿಂದೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ. "ಒತ್ತೊತ್ತಾಗಿದ್ದರೆ ಕಾಯಿಲೆ" ಅನ್ನೋದು ನಮ್ಮ ಅಜ್ಜಿ ಬಾಯಲ್ಲೂ ಇತ್ತು, ಆಕೆ ತಿರುಪತಿ ಬಿಟ್ಟು ಬೇರೆ ಊರು ನೋಡಿದವರಲ್ಲ.

ಸರಸ್ವತಿಪುರಂ_ಮಗ:

ಎಲ್ಲರಿಗೂ ಥ್ಯಾಂಕ್ಸ್. ನೀರಿನ ಪ್ರಶ್ನೆ ಕೇಳಿದವರಿಗೆ: ನೀವು ಹೇಳಿದ್ದು ಸರಿ, ಮೀಟಿಂಗಿನಲ್ಲಿ ನಾನೂ ಅದನ್ನು ಕೇಳಲಿಲ್ಲ. ಈಗ ಬರೆದು ಕೊಟ್ಟಿದ್ದೀನಿ, ಉತ್ತರ ಬಂದಿಲ್ಲ. ಸೆಟ್‌ಬ್ಯಾಕ್ ಸ್ವಾಮಿಗಳೇ, ಪ್ಲಾನ್ ಕಾಪಿ ತರಿಸಿದೆ. 12 ಅಲ್ಲ, 8 ಫ್ಲಾಟು. ಮುಂದಿನ ಸಂಪಿಗೆ ಮರ ಉಳಿಯುತ್ತೆ ಅಂತ ಡ್ರಾಯಿಂಗಿನಲ್ಲಿದೆ, ನೋಡೋಣ.

ನಿನ್ನೆ ಎರಡನೇ ಮೀಟಿಂಗ್ ಆಯಿತು. ಟೋಕಿಯೋದವರ ಪ್ರಶ್ನೆಯನ್ನು ಪ್ರಯೋಗ ಮಾಡಿದೆ. ಪ್ಯಾರಿಸ್ ಸಾರ್ ಉಳಿದುಕೊಂಡಿದ್ದು ಏರ್‌ಪೋರ್ಟ್ ಹತ್ತಿರದ ಹೋಟೆಲ್‌ನಲ್ಲಂತೆ, ಊರೊಳಗೆ ಇದ್ದಿದ್ದು ಒಂದೂವರೆ ದಿನ. 20,000 ಜನದ ಲೆಕ್ಕ ಹೇಳಿದಾಗ ನಂಬಲಿಲ್ಲ, ಫೋನಿನಲ್ಲಿ ನೋಡಿಕೊಂಡರು, ಆಮೇಲೆ "ಆದರೆ ಅವರಿಗೆ ಶಿಸ್ತು ಇದೆ" ಅಂದರು. ಮಾವನಿಗೆ ಸಿಲಿಂಡರ್ ಪಕ್ಕ ಮಲಗಿದ ಕಥೆ ಓದಿ ಹೇಳಿದೆ. ನಕ್ಕರು, ಆದರೆ ಜಗ್ಗಲಿಲ್ಲ. ಎಲೆಕ್ಷನ್ ಆಸೆಯವರು "ಎಲ್ಲರ ಅಭಿಪ್ರಾಯಕ್ಕೂ ಬೆಲೆ ಕೊಡ್ತೀವಿ" ಅಂತ ಹೇಳಿ ಇನ್ನೊಂದು ಕಾಫಿ ಕುಡಿದು ಹೋದರು.

ರಾತ್ರಿ ತಂಗಿ ಫೋನ್ ಮಾಡಿದ್ದಳು. ಅಮ್ಮ ಗುಟ್ಟಾಗಿ ಆ ಬಿಲ್ಡರ್ ಆಫೀಸಿಗೆ ಹೋಗಿ, ಎರಡನೇ ಫ್ಲೋರಿನ ಪೂರ್ವದ ಫ್ಲಾಟಿಗೆ ರೇಟ್ ಎಷ್ಟು, ಬಾಲ್ಕನಿಯಿಂದ ಸಂಪಿಗೆ ಕೈಗೆ ಸಿಗುತ್ತಾ ಅಂತ ಕೇಳಿಕೊಂಡು ಬಂದಿದ್ದಾರಂತೆ. ಮಾವನಿಗೆ ಇನ್ನೂ ಗೊತ್ತಿಲ್ಲ.